ಲೆಕ್ಕ ತಾನೇ ಬರಲಿ, ಬೀಗದ ಕೈ ನಮ್ಮಲ್ಲಿರಲಿ

ಹೊಟೇಲು ವ್ಯಾಪಾರದಲ್ಲಿ ಹಣವು ಬರುವ ದಾರಿ ಈಚಿನ ಹತ್ತು ವರ್ಷಗಳಲ್ಲಿ ಬದಲಾದಷ್ಟು ಹಿಂದೆಂದೂ ಬದಲಾಗಿರಲಿಲ್ಲ. ಮೊದಲು ಗಲ್ಲೆಯೊಂದೇ ಹಣದ ಹೆಬ್ಬಾಗಿಲಾಗಿತ್ತು. ರಾತ್ರಿ ಕದವಿಕ್ಕಿದ ಮೇಲೆ ನೋಟು ಚಿಲ್ಲರೆಗಳನ್ನೆಣಿಸಿ, ಬಿಲ್ಲುಗಳ ಮೊತ್ತದೊಡನೆ ತಾಳೆ ನೋಡಿ, ಕಿರ್ದಿಗೆ ಬರೆದು, ಮರುದಿನ ಬ್ಯಾಂಕಿಗೆ ಕಟ್ಟಿ ಬಂದರೆ ಗುಮಾಸ್ತನ ಹೊಣೆ ತೀರುತ್ತಿತ್ತು. 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಒಂದು ಕಟಿಂಗ್ ಚಹದ ಬೆಲೆಯೂ ಗಲ್ಲೆಯನ್ನು ಮುಟ್ಟದೆ ನೇರವಾಗಿ ಬ್ಯಾಂಕನ್ನು ಸೇರುತ್ತಿದೆ. ಕಾರ್ಡಿನಲ್ಲಿ ಕೊಟ್ಟ ಹಣ ಬೇರೊಂದು ದಾರಿಯಿಂದ, ಬೇರೊಂದು ದಿನ ಬರುತ್ತದೆ. ಊಟವನ್ನು ಮನೆಬಾಗಿಲಿಗೆ ಮುಟ್ಟಿಸುವ ಕಂಪೆನಿಗಳು ತಮ್ಮ ಪಾಲನ್ನು ಮುರಿದುಕೊಂಡು, ಹಲವು ದಿನಗಳ ಹಣವನ್ನು ಒಂದೇ ಗಂಟಾಗಿ ಕಟ್ಟುತ್ತವೆ. ವ್ಯಾಪಾರದ ನಿಜವಾದ ಕಿರ್ದಿ ಇಂದು ಹೊಟೇಲಿನಲ್ಲಿ ಅರ್ಧ, ಬ್ಯಾಂಕಿನಲ್ಲಿ ಅರ್ಧ ಎಂಬಂತಾಗಿದೆ.

ಈ ಎರಡು ಅರ್ಧಗಳನ್ನು ಕೂಡಿಸುವ ಕೆಲಸ ನಮ್ಮ ಗುಮಾಸ್ತ ಬಂಧುಗಳ ತಲೆಯ ಮೇಲೆ ಬಿದ್ದಿದೆ. ತಿಂಗಳ ಕೊನೆಗೆ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಇಳಿಸಿಕೊಂಡು, ಸಾವಿರಾರು ಸಾಲುಗಳನ್ನು ಒಂದೊಂದಾಗಿ ಓದಿ, ಯಾವ ಜಮೆ ಯಾವ ದಿನದ ಯಾವ ವ್ಯಾಪಾರದ್ದು ಎಂದು ಗುರುತು ಹಾಕುವುದು ಎಂಥ ಬೇಸರದ ಕೆಲಸವೆಂಬುದನ್ನು ಮಾಡಿದವರೇ ಬಲ್ಲರು. ಈ ತೊಡಕಿಗೆ ಪರಿಹಾರವಾಗಿ ಬಂದಿರುವುದೇ ಲೆಕ್ಕದ ತಂತ್ರಾಂಶವನ್ನು ನೇರವಾಗಿ ಬ್ಯಾಂಕಿಗೆ ಜೋಡಿಸುವ ಏರ್ಪಾಡು. ಇದರಲ್ಲಿ ಲೆಕ್ಕದ ಪುಸ್ತಕ ನಮ್ಮ ಹೊಟೇಲಿನ ಕಂಪ್ಯೂಟರಿನಲ್ಲಿರದೆ ಕಂಪೆನಿಯವರ ದೂರದ ಯಂತ್ರಾಗಾರದಲ್ಲಿರುತ್ತದೆ. ಅಂತರ್ಜಾಲದ ಮೂಲಕ ಎಲ್ಲಿಂದಾದರೂ ತೆರೆದು ನೋಡಬಹುದು. ಇದಕ್ಕೆ ‘ಕ್ಲೌಡ್’ ಎಂದು ಹೆಸರು. ಆ ಪುಸ್ತಕಕ್ಕೆ ಬ್ಯಾಂಕಿನ ಜಮೆ ಖರ್ಚುಗಳು ಯಾರೂ ಬರೆಯದೆಯೇ ಪ್ರತಿದಿನ ಬಂದು ಬೀಳುತ್ತವೆ. ಜೋಹೊ ಬುಕ್ಸ್‌ನಂಥ ಕ್ಲೌಡ್ ತಂತ್ರಾಂಶಗಳೂ, ನಮ್ಮ ಬೆಂಗಳೂರಿನಲ್ಲಿ ನೆಲೆಯುಳ್ಳ ಟ್ಯಾಲಿಯೂ ಹಲವು ಬ್ಯಾಂಕುಗಳೊಡನೆ ಇಂಥ ಸಂಪರ್ಕವನ್ನು ಏರ್ಪಡಿಸಿಕೊಂಡಿವೆ.

ಈ ಏರ್ಪಾಡನ್ನು ನಾವು ಸ್ವಾಗತಿಸುತ್ತೇವೆ. ಆದರೆ ಯಾವ ಬಾಗಿಲಿನಿಂದ ಇದು ಒಳಗೆ ಬರುತ್ತದೆ ಎಂಬುದನ್ನು ವಿಚಾರಿಸದೆ ಸ್ವಾಗತಿಸತಕ್ಕದ್ದಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಇದು ಧಣಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಯಾರೂ ತಿಳಿಯಬಾರದು. ಲೆಕ್ಕ ತಪ್ಪಿದಾಗ ಧಣಿಯು ಮೊದಲು ಕೇಳುವುದು ಗುಮಾಸ್ತನನ್ನು. ಹಣ ಹೋದಾಗ ಪೊಲೀಸರು ಮೊದಲು ಕೇಳುವುದೂ ಅವನನ್ನೇ. ಆದುದರಿಂದ ಈ ಸಂಪರ್ಕವು ಸರಿಯಾದ ರೀತಿಯಲ್ಲಿ ನಡೆಯುವುದರಲ್ಲಿ ಅತಿ ಹೆಚ್ಚಿನ ಹಿತವಿರುವುದು ಅವನಿಗೇ.

ಮೊದಲು ಇದರ ಪ್ರಯೋಜನವನ್ನು ನೋಡೋಣ. ಶ್ರಮ ಉಳಿಯುವುದೆಂಬುದು ಎಲ್ಲರಿಗೂ ಕಾಣುವ ಮಾತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಖಾತೆಯಲ್ಲಿ ನಮ್ಮ ಅಪ್ಪಣೆಯಿಲ್ಲದೆ ವಂಚಕರಿಂದ ವ್ಯವಹಾರ ನಡೆದರೆ ಏನಾಗಬೇಕೆಂಬುದನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಹೊರಗಿನ ವ್ಯವಸ್ಥೆಯದಾಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕನು ದೂರು ಕೊಟ್ಟರೆ, ನಷ್ಟವು ಅವನ ಮೇಲೆ ಬೀಳತಕ್ಕದ್ದಲ್ಲವೆಂದು ಅದರ ತಾತ್ಪರ್ಯ. ತಡವಾದಷ್ಟೂ ಅವನ ಹೊರೆ ಹೆಚ್ಚುತ್ತದೆ. ದಿನಕ್ಕೆ ನೂರಾರು ಯುಪಿಐ ಸಂದೇಶಗಳು ಬಂದು ಬೀಳುವ ಹೊಟೇಲಿನ ಫೋನಿನಲ್ಲಿ ಒಂದು ಕಳ್ಳ ವ್ಯವಹಾರದ ಸಂದೇಶ ಯಾರ ಕಣ್ಣಿಗೆ ಬಿದ್ದೀತು? ತಿಂಗಳಿಗೊಮ್ಮೆ ಸ್ಟೇಟ್‌ಮೆಂಟು ನೋಡುವವನಿಗೆ ಮೂರು ದಿನಗಳ ರಕ್ಷಣೆ ಇದ್ದೂ ಇಲ್ಲದಂತೆ. ಪ್ರತಿದಿನ ಬೆಳಿಗ್ಗೆ ಹಿಂದಿನ ದಿನದ ಖರ್ಚಿನ ಸಾಲುಗಳು ಲೆಕ್ಕದ ಪುಸ್ತಕದಲ್ಲಿ ಬಂದು ನಿಂತರೆ, ಪರಿಚಯವಿಲ್ಲದ ಸಾಲು ಅಂದೇ ಕಣ್ಣಿಗೆ ಬೀಳುತ್ತದೆ.

ಇನ್ನು ಬಾಗಿಲುಗಳ ವಿಚಾರ. ಬ್ಯಾಂಕಿನ ಲೆಕ್ಕವು ತಂತ್ರಾಂಶಕ್ಕೆ ಬರಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಹಳೆಯ ದಾರಿ. ಗುಮಾಸ್ತನು ಬ್ಯಾಂಕಿನ ತಾಣದಿಂದ ಸ್ಟೇಟ್‌ಮೆಂಟಿನ ಕಡತವನ್ನು ಇಳಿಸಿಕೊಂಡು ತಂತ್ರಾಂಶಕ್ಕೆ ಏರಿಸುವುದು. ಇದರಲ್ಲಿ ಶ್ರಮವುಂಟು, ನಡುವೆ ಕಡತವನ್ನು ಯಾರಾದರೂ ತಿದ್ದಲು ಅವಕಾಶವೂ ಉಂಟು. ಆದರೆ ಕಡತ ಕೊಟ್ಟುದರಿಂದ ಬ್ಯಾಂಕಿನ ಕೀಲಿ ಯಾವ ಕಂಪೆನಿಗೂ ಹೋಗುವುದಿಲ್ಲ.

ಎರಡನೆಯದು ಗುಪ್ತಪದವನ್ನೇ ಕೊಡುವ ದಾರಿ. ನಮ್ಮ ನೆಟ್ ಬ್ಯಾಂಕಿಂಗಿನ ಹೆಸರನ್ನೂ ಪಾಸ್‌ವರ್ಡನ್ನೂ ಕಂಪೆನಿಯೊಂದಕ್ಕೆ ಒಪ್ಪಿಸಿಬಿಟ್ಟರೆ, ಅವರ ಯಂತ್ರವು ನಾವೇ ಎಂಬಂತೆ ವೇಷ ಹಾಕಿಕೊಂಡು ಬ್ಯಾಂಕಿನೊಳಗೆ ಹೋಗಿ, ಪರದೆಯ ಮೇಲೆ ಕಂಡುದನ್ನೆಲ್ಲ ನಕಲು ಮಾಡಿ ತರುತ್ತದೆ. ಇದಕ್ಕೆ ‘ಸ್ಕ್ರೀನ್ ಸ್ಕ್ರೇಪಿಂಗ್’ ಎನ್ನುತ್ತಾರೆ. ಬ್ಯಾಂಕು ತನ್ನ ಪರದೆಯನ್ನು ಸ್ವಲ್ಪ ಬದಲಾಯಿಸಿದರೆ ಸಾಕು, ಈ ಯಂತ್ರ ದಿಕ್ಕು ತಪ್ಪುತ್ತದೆ. ಅದು ಸಣ್ಣ ದೋಷ. ದೊಡ್ಡ ದೋಷವೆಂದರೆ, ಓದಲೆಂದು ಕೊಟ್ಟ ಪಾಸ್‌ವರ್ಡು ಓದುವುದಕ್ಕೆ ಮಾತ್ರ ಉಪಯೋಗವಾಗುವ ವಸ್ತುವಲ್ಲ. ಅದು ಮನೆಯ ಎಲ್ಲ ಕೋಣೆಗಳಿಗೂ ಒಂದೇ ಆದ ಕೀಲಿ.

ಮೂರನೆಯದು ಬ್ಯಾಂಕಿನ ಒಪ್ಪಿಗೆಯಿಂದ ತೆರೆದ ದಾರಿ. ತಂತ್ರಾಂಶದವರು ಬ್ಯಾಂಕಿನೊಡನೆ ಕರಾರು ಮಾಡಿಕೊಂಡಿರುತ್ತಾರೆ. ಖಾತೆದಾರನು ಬ್ಯಾಂಕಿನ ಸ್ವಂತ ಪುಟದಲ್ಲಿಯೇ ಅಥವಾ ಬ್ಯಾಂಕಿನ ಅರ್ಜಿಯಲ್ಲಿಯೇ, ಇಂಥ ಖಾತೆಯ ಲೆಕ್ಕವನ್ನು ಇಂಥವರು ನೋಡಬಹುದೆಂದು ಅಪ್ಪಣೆ ಕೊಡುತ್ತಾನೆ. ಪಾಸ್‌ವರ್ಡು ತಂತ್ರಾಂಶದವರ ಕೈಸೇರುವುದಿಲ್ಲ. ಅದರ ಬದಲು ಬ್ಯಾಂಕು ಅವರಿಗೊಂದು ಸಂಕೇತದ ಚೀಟಿಯನ್ನು ಕೊಡುತ್ತದೆ. ಆ ಚೀಟಿಯನ್ನು ಓದುವುದಕ್ಕಷ್ಟೇ ಸೀಮಿತಗೊಳಿಸಬಹುದು. ಬೇಡವಾದಾಗ ರದ್ದು ಮಾಡಬಹುದು. ಬ್ರಿಟನ್ನಿನಲ್ಲಿ 2018ರ ಜನವರಿಯಿಂದ ಒಂಬತ್ತು ದೊಡ್ಡ ಬ್ಯಾಂಕುಗಳು ಇಂಥ ದಾರಿಯನ್ನು ತೆರೆಯಬೇಕೆಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರವೇ ಕಟ್ಟು ಮಾಡಿತು.

ಈ ಮೂರರಲ್ಲಿ ಎರಡನೆಯ ದಾರಿಯನ್ನು ನಮ್ಮವರು ಸರ್ವಥಾ ತುಳಿಯಕೂಡದು. ಮೇಲೆ ಹೇಳಿದ 2017ರ ಸುತ್ತೋಲೆಯಲ್ಲಿಯೇ ಇದಕ್ಕೆ ಕಾರಣವಿದೆ. ಗ್ರಾಹಕನು ತನ್ನ ಗುಪ್ತಪದಗಳನ್ನು ಇತರರಿಗೆ ಕೊಟ್ಟು ಅದರಿಂದ ನಷ್ಟವಾದರೆ, ಅವನು ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ಅವನದೇ ಎಂದು ಅಲ್ಲಿ ವಿಧಿಸಲಾಗಿತ್ತು. ಹತ್ತು ನಿಮಿಷದ ಸೌಕರ್ಯಕ್ಕಾಗಿ ಕಾನೂನಿನ ಕೊಡೆಯನ್ನು ಮಡಿಸಿ ಮಳೆಯಲ್ಲಿ ನಿಂತಂತೆ ಇದು.

ಇಲ್ಲಿ ನಮ್ಮ ಹೊಟೇಲುಗಳ ಒಂದು ಪದ್ಧತಿಯ ಕುರಿತು ಬಿಚ್ಚುಮನಸ್ಸಿನಿಂದ ಹೇಳಬೇಕಾಗಿದೆ. ಪತ್ರಿಕೆಯ ಮೇಜಿಗೆ ಬರುವ ಮೊದಲು ಗಲ್ಲೆಯ ಹಿಂದೆ ಕುಳಿತವರಾದುದರಿಂದ ನಾವು ಇದನ್ನು ಬಲ್ಲೆವು. ಧಣಿಯ ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡು ಗುಮಾಸ್ತನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿರುತ್ತದೆ. ಓಟಿಪಿ ಬರುವ ಫೋನು ಗಲ್ಲೆಯ ಮೇಲೆ ಎಲ್ಲರ ಕೈಗೂ ಎಟಕುವಂತೆ ಬಿದ್ದಿರುತ್ತದೆ. ಧಣಿಯು ಊರಿಗೆ ಹೋದಾಗ ಕೆಲಸ ನಿಲ್ಲಬಾರದೆಂದು ಮಾಡಿಕೊಂಡ ಅನುಕೂಲವಿದು. ಇದನ್ನು ವಿಶ್ವಾಸವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಹಣ ಕಾಣೆಯಾದ ದಿನ ಈ ವಿಶ್ವಾಸವೇ ಗುಮಾಸ್ತನ ಕೊರಳಿಗೆ ಉರುಳಾಗುತ್ತದೆ. ಕದ್ದವನು ಎಲ್ಲಿಯೋ ಕುಳಿತ ವಂಚಕನಾಗಿದ್ದರೂ, ಕೀಲಿ ಯಾರ ಬಳಿಯಿತ್ತು ಎಂಬ ಪ್ರಶ್ನೆಗೆ ಉತ್ತರ ಇವನ ಹೆಸರೇ. ತಾನು ನಿರ್ದೋಷಿಯೆಂದು ತೋರಿಸಲು ಅವನ ಬಳಿ ಏನಿದೆ?

ನೇರ ಸಂಪರ್ಕದಿಂದ ಈ ಉರುಳು ಕಳಚುವುದು ಸಾಧ್ಯ. ಲೆಕ್ಕವು ಓದುವ ಅಪ್ಪಣೆಯ ಮೂಲಕ ತಾನಾಗಿ ಬರುವುದಾದರೆ, ಗುಮಾಸ್ತನು ಬ್ಯಾಂಕಿನ ಪಾಸ್‌ವರ್ಡನ್ನು ತಿಳಿಯಬೇಕಾದ ಅವಶ್ಯಕತೆಯೇ ಇರುವುದಿಲ್ಲ. ಅವನಿಗೆ ತಂತ್ರಾಂಶದಲ್ಲಿ ಸ್ವಂತ ಹೆಸರಿನ ಪ್ರವೇಶವಿರುತ್ತದೆ; ಅವನು ಯಾವಾಗ ಏನು ಬರೆದನೆಂಬುದಕ್ಕೆ ದಾಖಲೆಯನ್ನಿಡಬಹುದು. ಜಮೆ ಖರ್ಚುಗಳನ್ನು ಅವನು ನೋಡಬಲ್ಲನು, ಹಣವನ್ನು ಮಾತ್ರ ಕದಲಿಸಲಾರನು. ಹಣ ಕಳುಹಿಸುವ ಅಧಿಕಾರ ಧಣಿಯಲ್ಲಿಯೇ ಉಳಿಯುತ್ತದೆ. ಧಣಿಗೆ ಹಣದ ರಕ್ಷಣೆ, ಗುಮಾಸ್ತನಿಗೆ ಮಾನದ ರಕ್ಷಣೆ. ಎರಡೂ ಒಂದೇ ಏರ್ಪಾಡಿನಿಂದ ದೊರೆಯುತ್ತವೆ. ಇದಕ್ಕೊಂದು ಎಚ್ಚರಿಕೆಯುಂಟು. ಕೆಲವು ಸಂಪರ್ಕಗಳಲ್ಲಿ ಲೆಕ್ಕ ಓದುವುದರ ಜೊತೆಗೆ ತಂತ್ರಾಂಶದಿಂದಲೇ ಹಣ ಪಾವತಿ ಮಾಡುವ ಸೌಕರ್ಯವೂ ಸೇರಿರುತ್ತದೆ. ಓದುವ ಅಪ್ಪಣೆ ಬೇರೆ, ಪಾವತಿಯ ಅಪ್ಪಣೆ ಬೇರೆ. ಸಹಿ ಹಾಕುವಾಗ ಎರಡನ್ನೂ ಕಲಸಬಾರದು.

ನಮ್ಮ ದೇಶದಲ್ಲಿ ಇದೇ ತತ್ವದ ಮೇಲೆ ಇನ್ನೊಂದು ವ್ಯವಸ್ಥೆಯೂ ಉಂಟು. 2016ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕು ‘ಅಕೌಂಟ್ ಅಗ್ರಿಗೇಟರ್’ ಎಂಬ ಮಧ್ಯವರ್ತಿ ಸಂಸ್ಥೆಗಳಿಗಾಗಿ ನಿರ್ದೇಶನಗಳನ್ನು ಹೊರಡಿಸಿತು. 2021ರ ಸೆಪ್ಟೆಂಬರ್ 2ರಂದು ಎಂಟು ಬ್ಯಾಂಕುಗಳು ಸೇರಿದ ಈ ಜಾಲವು ಸಾರ್ವಜನಿಕವಾಗಿ ಉದ್ಘಾಟನೆಯಾಯಿತು. ಈ ಮಧ್ಯವರ್ತಿಯು ಅಂಚೆಯವನಿದ್ದಂತೆ. ಖಾತೆದಾರನ ಒಪ್ಪಿಗೆಯ ಮೇಲೆ ಲಕೋಟೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸಬಹುದು. ಒಳಗಿನ ಲೆಕ್ಕವನ್ನು ಕೂಡಿಟ್ಟುಕೊಳ್ಳಕೂಡದು. ಗ್ರಾಹಕನ ಪಾಸ್‌ವರ್ಡು, ಪಿನ್ನುಗಳನ್ನು ಅವನು ಕೇಳಲೇ ಕೂಡದೆಂದು ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿದೆ. ಒಪ್ಪಿಗೆಯ ಪತ್ರದಲ್ಲಿ ಯಾರಿಗೆ, ಯಾವ ಲೆಕ್ಕ, ಯಾವ ಉದ್ದೇಶಕ್ಕೆ, ಎಂದಿನವರೆಗೆ ಎಂಬುದೆಲ್ಲ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆ. ಆದರೆ ಈ ಜಾಲದಲ್ಲಿ ಲೆಕ್ಕವನ್ನು ಪಡೆಯುವವರು ರಿಸರ್ವ್ ಬ್ಯಾಂಕು, ಸೆಬಿ, ವಿಮಾ ಪ್ರಾಧಿಕಾರ, ಪಿಂಚಣಿ ಪ್ರಾಧಿಕಾರ ಇವುಗಳಲ್ಲಿ ಒಂದರ ಅಧೀನದಲ್ಲಿ ನೋಂದಾಯಿಸಿದ ಸಂಸ್ಥೆಯಾಗಿರಬೇಕು. ಬರಿಯ ಲೆಕ್ಕದ ತಂತ್ರಾಂಶದ ಕಂಪೆನಿಗೆ ಈ ಬಾಗಿಲು ನೇರವಾಗಿ ತೆರೆಯದು. ಅಂಥವರು ಬ್ಯಾಂಕುಗಳೊಡನೆ ಬೇರೆ ಬೇರೆ ಕರಾರು ಮಾಡಿಕೊಳ್ಳುವುದು ಅದಕ್ಕಾಗಿಯೇ. ಯಾವನಾದರೊಬ್ಬ ಮಾರಾಟಗಾರ ಬಂದು “ನಮ್ಮದು ರಿಸರ್ವ್ ಬ್ಯಾಂಕಿನ ವ್ಯವಸ್ಥೆ” ಎಂದು ಹೇಳಿದರೆ, ಯಾವ ಬ್ಯಾಂಕಿನೊಡನೆ, ಯಾವ ಕರಾರಿನ ಮೇಲೆ ಎಂದು ಕೇಳಿ, ಅದನ್ನು ಬ್ಯಾಂಕಿನ ಶಾಖೆಯಲ್ಲಿಯೇ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಹಲವರು ಪಾಲುದಾರರಿರುವ ಹೊಟೇಲುಗಳಲ್ಲಿ ಅಪ್ಪಣೆಗೆ ಎಷ್ಟು ಜನರ ಸಹಿ ಬೇಕೆಂಬುದನ್ನೂ ಮೊದಲೇ ಇತ್ಯರ್ಥಮಾಡಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ, ಲೆಕ್ಕ ತಾನೇ ಬರುವುದಾದರೆ ಗುಮಾಸ್ತನೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಕೆಲವು ಧಣಿಗಳು ಹೀಗೆ ಯೋಚಿಸತೊಡಗಿದ್ದಾರೆ, ಗುಮಾಸ್ತರು ಹೆದರತೊಡಗಿದ್ದಾರೆ. ಈ ಯೋಚನೆ ತಪ್ಪೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ.

ಊಟ ಮುಟ್ಟಿಸುವ ಕಂಪೆನಿಯೊಂದರ ಮೂಲಕ ಹೊಟೇಲು 1,00,000 ರೂಪಾಯಿಯ ವ್ಯಾಪಾರ ಮಾಡಿತೆನ್ನೋಣ. ಕಮಿಷನ್ನು ನೂರಕ್ಕೆ 22 ಎಂದಿಟ್ಟುಕೊಂಡರೆ 22,000 ರೂಪಾಯಿ. ಆ ಕಮಿಷನ್ನಿನ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 3,960 ರೂಪಾಯಿ. ಮೂಲದಲ್ಲಿ ಹಿಡಿಯುವ ಆದಾಯ ತೆರಿಗೆ ನೂರು ರೂಪಾಯಿಗೆ ಹತ್ತು ಪೈಸೆಯಂತೆ 100 ರೂಪಾಯಿ. ಇವೆಲ್ಲ ಕಳೆದು ಬ್ಯಾಂಕಿಗೆ ಬರುವುದು 73,940 ರೂಪಾಯಿ. ತಂತ್ರಾಂಶವು ಬ್ಯಾಂಕಿನಿಂದ ತರುವುದು ಈ ಒಂದೇ ಸಾಲನ್ನು. ಅದನ್ನೇ ವ್ಯಾಪಾರವೆಂದು ಬರೆದರೆ ಪುಸ್ತಕದಲ್ಲಿ 26,060 ರೂಪಾಯಿಯ ವ್ಯಾಪಾರ ಮಾಯವಾಗುತ್ತದೆ. ತೆರಿಗೆಯ ಅಧಿಕಾರಿಯ ಬಳಿ ಕಂಪೆನಿಯು ಕೊಟ್ಟ 1,00,000ದ ಲೆಕ್ಕವಿರುತ್ತದೆ, ನಮ್ಮ ಬಳಿ 73,940ರ ಲೆಕ್ಕವಿರುತ್ತದೆ. ನಡುವೆ ನೋಟೀಸು ಬರುತ್ತದೆ. ಹಿಡಿದಿಟ್ಟ 100 ರೂಪಾಯಿಯನ್ನು ತೆರಿಗೆಯಲ್ಲಿ ವಜಾ ಪಡೆಯುವುದೂ ಮರೆತುಹೋಗುತ್ತದೆ. ಕಂಪೆನಿಯ ಪಟ್ಟಿ, ಅಡಿಗೆಮನೆಗೆ ಹೋದ ಆರ್ಡರಿನ ಚೀಟಿ, ಬ್ಯಾಂಕಿನ ಜಮೆ ಈ ಮೂರನ್ನೂ ಎದುರೆದುರು ಇಟ್ಟು, ರದ್ದಾದ ಊಟಕ್ಕೆ ಹಣ ಮುರಿದುಕೊಂಡಿದ್ದಾರೆಯೇ, ರಿಯಾಯಿತಿಯ ಹೊರೆ ಯಾರ ಮೇಲೆ ಬಿತ್ತು ಎಂದು ವಿಚಾರಿಸಬಲ್ಲವನು ಲೆಕ್ಕ ಬಲ್ಲ ಮನುಷ್ಯ.

ಇದರ ಹಿಂದೆ ಒಂದು ಹಳೆಯ ತತ್ವವಿದೆ. ನಮ್ಮ ಪುಸ್ತಕ ಒಂದು ಸಾಕ್ಷಿ, ಬ್ಯಾಂಕಿನ ಪುಸ್ತಕ ಇನ್ನೊಂದು ಸಾಕ್ಷಿ. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತನ್ನು ಹೇಳಿದರೆ ಮಾತ್ರ ಲೆಕ್ಕ ನಿಜವಾಗುತ್ತದೆ. ಬ್ಯಾಂಕಿನಿಂದ ಬಂದುದನ್ನೇ ಕಣ್ಣುಮುಚ್ಚಿ ನಮ್ಮ ಪುಸ್ತಕವೆಂದು ಸ್ವೀಕರಿಸಿದರೆ, ಒಬ್ಬನೇ ಸಾಕ್ಷಿ ಎರಡು ಕಡೆ ಸಹಿ ಹಾಕಿದಂತಾಗುತ್ತದೆ. ಎಲ್ಲವೂ ತಾಳೆಯಾಗುತ್ತದೆ, ಸತ್ಯ ಮಾತ್ರ ತಿಳಿಯುವುದಿಲ್ಲ. ತರಕಾರಿಯವನಿಗೂ ಹಾಲಿನವನಿಗೂ ಗಲ್ಲೆಯಿಂದ ಕೊಟ್ಟ ರೋಕಡ ಹಣ ಬ್ಯಾಂಕಿನ ಕಣ್ಣಿಗೆ ಬೀಳುವುದೇ ಇಲ್ಲ. ಸಂಪರ್ಕವು ನಡುವೆ ಕಡಿದು ಮತ್ತೆ ಜೋಡಿಸಿದಾಗ ಒಂದೇ ಸಾಲು ಎರಡು ಸಲ ಬರುವುದೂ, ಒಂದು ದಿನದ ಸಾಲುಗಳು ಬಿಟ್ಟುಹೋಗುವುದೂ ಉಂಟು. ಆದುದರಿಂದ ದಿನದ ಕೊನೆಗೆ ತಂತ್ರಾಂಶದ ಬಾಕಿಯೂ ಬ್ಯಾಂಕಿನ ಬಾಕಿಯೂ ಒಂದೇ ಆಗಿವೆಯೇ ಎಂದು ನೋಡುವ ನಿಯಮವನ್ನು ಬಿಡಬಾರದು.

ಸಂಪರ್ಕಗಳು ಶಾಶ್ವತವಲ್ಲವೆಂಬುದನ್ನು ನಮ್ಮ ಜನ ಚೆನ್ನಾಗಿ ಅರಿತವರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಶಾಖೆಗಳ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಚೆಕ್ಕು ಪುಸ್ತಕಗಳು ಬದಲಾದವು. ಬ್ಯಾಂಕಿನ ಹೆಸರೇ ಮಾಯವಾಗುವಾಗ ತಂತ್ರಾಂಶದ ತಂತಿಯೊಂದು ಉಳಿಯುವುದೆಂದು ನಂಬುವುದು ಹೇಗೆ? ಪ್ರತಿ ತಿಂಗಳೂ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಇಳಿಸಿ ಬೇರೆಯಾಗಿ ಕಾದಿಡುವುದು ವಿವೇಕ.

ಇನ್ನು ಅಡಿಗೆಮನೆಯಲ್ಲಿಯೂ ಮೇಜಿನ ಬಳಿಯಲ್ಲಿಯೂ ದುಡಿಯುವ ನಮ್ಮ ಬಂಧುಗಳಿಗೆ ಎರಡು ಮಾತು. ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಅವರು ಪುಟ ತಿರುವಬಾರದು. ತಂಗಿಯ ಮದುವೆಗೆಂದೋ ಊರಿನ ಮನೆಯ ಮಾಡು ಹೊದಿಸಲೆಂದೋ ಸಾಲ ಬೇಕಾದಾಗ, ಸಂಬಳವು ಬ್ಯಾಂಕಿಗೆ ಬರುತ್ತಿದ್ದರೆ, ಮೇಲೆ ಹೇಳಿದ ಮಧ್ಯವರ್ತಿಯ ಮೂಲಕ ಆರು ತಿಂಗಳ ಲೆಕ್ಕವನ್ನು ಸಾಲ ಕೊಡುವ ಬ್ಯಾಂಕಿಗೆ ತೋರಿಸಬಹುದು. ಅದೇ ಅವನ ದುಡಿಮೆಯ ಸಾಕ್ಷ್ಯ. ಸಂಬಳವನ್ನು ಕೈಯಲ್ಲಿಯೇ ಎಣಿಸಿಕೊಡುವ ಧಣಿಗಳು ಹುಡುಗರನ್ನು ಈ ಸಾಕ್ಷ್ಯದಿಂದ ವಂಚಿತರನ್ನಾಗಿ ಮಾಡುತ್ತಿದ್ದಾರೆಂದು ನಾವು ನೇರವಾಗಿ ಹೇಳುತ್ತೇವೆ. ಇದರ ಜೊತೆಗೆ ಮೊಬೈಲಿನಲ್ಲಿ ಸಾಲ ಕೊಡುವೆವೆನ್ನುವ ಕಂಡಕಂಡ ಆ್ಯಪುಗಳಿಗೆ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಕೊಡಬಾರದು. ಸಾಲದ ಆ್ಯಪುಗಳು ಫೋನಿನಲ್ಲಿರುವ ಪರಿಚಯದವರ ಪಟ್ಟಿ, ಚಿತ್ರ, ಕರೆಗಳ ದಾಖಲೆಗಳಿಗೆ ಕೈಹಾಕಬಾರದೆಂದು 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿತು. ಅವನ್ನು ಕೇಳುವ ಆ್ಯಪು ನಂಬಿಕೆಗೆ ಯೋಗ್ಯವಲ್ಲವೆಂದು ತಿಳಿಯಬೇಕು. ಮೋಸ ಹೋದರೆ ನಾಚಿಕೆಪಟ್ಟು ಕುಳಿತಿರದೆ, ಕೂಡಲೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು.

ಒಪ್ಪಿಗೆಯೆಂದರೆ ಓದಿ ತಿಳಿದು ಕೊಟ್ಟ ಒಪ್ಪಿಗೆ. ಇಂಗ್ಲಿಷಿನಲ್ಲಿ ಹತ್ತು ಪುಟ ತೋರಿಸಿ ಕೆಳಗಿನ ಗುಂಡಿಯನ್ನು ಒತ್ತಿಸಿಕೊಳ್ಳುವುದನ್ನು ನಾವು ಒಪ್ಪಿಗೆಯೆನ್ನಲಾರೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆ ಕೇಳುವ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವನ್ನು ಜನರಿಗೆ ಕೊಡಬೇಕೆಂದು ಹೇಳುತ್ತದೆ. ಕಾಯಿದೆಯನ್ನು ಹಂತಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕನ್ನಡವು ಆ ಅನುಸೂಚಿಯಲ್ಲಿದೆ. ಮುಂಬಯಿಯಲ್ಲಿರಲಿ, ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ಕನ್ನಡದಲ್ಲಿ ತಿಳಿವಳಿಕೆ ಕೊಡಿರೆಂದು ಕೇಳುವುದು ಯಾಚನೆಯಲ್ಲ, ಹಕ್ಕು. ಕೇಳುವವರಿದ್ದರೆ ಮಾತ್ರ ಕೊಡುವವರು ಹುಟ್ಟುತ್ತಾರೆ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಗ್ರಹಕಾರನು ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದನು. ಬ್ಯಾಂಕು ಜನರ ಬಾಗಿಲಿಗೆ ಬರುವುದು ನಮಗೆ ಹೊಸತಲ್ಲ. ಆದರೆ ಆ ಸಂಗ್ರಹಕಾರನ ಕೈಗೆ ತಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಕೊಟ್ಟವರು ಯಾರಿದ್ದರು? ಹೊಸ ಯಂತ್ರಕ್ಕೂ ಅದೇ ಮರ್ಯಾದೆ ಸಾಕು.

ಧಣಿಗಳಲ್ಲಿ ನಮ್ಮ ವಿನಂತಿಯಿಷ್ಟು: ಸಂಪರ್ಕವನ್ನು ಬ್ಯಾಂಕು ಒಪ್ಪಿದ ದಾರಿಯಿಂದ ಮಾತ್ರ ಪಡೆಯಿರಿ, ಪಾಸ್‌ವರ್ಡಿನ ಭಾರವನ್ನು ಗುಮಾಸ್ತನ ಹೆಗಲಿನಿಂದ ಇಳಿಸಿರಿ, ಉಳಿದ ಸಮಯದಲ್ಲಿ ಅವನಿಗೆ ಹೊಸ ಕೆಲಸವನ್ನು ಕಲಿಸಿರಿ. ಗುಮಾಸ್ತ ಬಂಧುಗಳು ಧಣಿಯ ಕೀಲಿಯನ್ನು ಬೇಡವೆನ್ನುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಬೇಡವೆನ್ನುವುದೇ ನಿಜವಾದ ನಿಷ್ಠೆ. ನಮ್ಮ ಸಂಘಗಳು ವರ್ಷಕ್ಕೆರಡು ಭಾನುವಾರಗಳನ್ನು ಇದಕ್ಕೆ ಮೀಸಲಿಟ್ಟು, ಲೆಕ್ಕ ಬಲ್ಲವರಿಂದ ಕನ್ನಡದಲ್ಲಿಯೇ ಪಾಠ ಹೇಳಿಸಬಾರದೇಕೆ? ಹಗಲು ಲೋಟ ತೊಳೆದು ಇರುಳು ಶಾಲೆಯಲ್ಲಿ ಓದಿ ಮುಂದೆ ಬಂದ ಜನ ನಾವು. ಕೈಬರಹದ ಕಿರ್ದಿಯನ್ನು ಕಲಿತ ಕೈಗಳಿಗೆ ಇದೂ ದಕ್ಕದಿರದು.